ರಿಪೇರಿಯ ನಂತರವೂ ಕೈಕೊಡುವ ಆಟೋಮ್ಯಾಟಿಕ್ ಗೇರ್‌ಬಾಕ್ಸ್: ದೋಷ ಪತ್ತೆಯ ಕ್ರಮ ಮತ್ತು ಹೊಣೆಯ ಲೆಕ್ಕ

ಲಾರಿಯು ಕೆಟ್ಟು ನಿಲ್ಲುವುದು ಸಾಗಣೆಯ ವ್ಯವಹಾರದಲ್ಲಿ ಹೊಸದೇನಲ್ಲ. ಆದರೆ ಹಣ ತೆತ್ತು ದುರಸ್ತಿ ಮಾಡಿಸಿದ ಲಾರಿಯು ವಾರದೊಳಗೆ ಪುನಃ ನಿಂತಾಗ ಮಾಲೀಕರ ಮುಂದಿರುವ ಸಮಸ್ಯೆಯ ಸ್ವರೂಪವೇ ಬದಲಾಗುತ್ತದೆ. ಏನು ಕೆಟ್ಟಿದೆ ಎಂಬ ಒಂದು ಪ್ರಶ್ನೆಯ ಜೊತೆಗೆ, ಯಾರಿಂದ ಕೆಟ್ಟಿತು ಮತ್ತು ಖರ್ಚನ್ನು ಯಾರು ಭರಿಸಬೇಕು ಎಂಬ ಇನ್ನೆರಡು ಪ್ರಶ್ನೆಗಳು ಏಳುತ್ತವೆ. ಗ್ಯಾರೇಜಿನವರು ಚಾಲಕನನ್ನು ದೂರುತ್ತಾರೆ. ಚಾಲಕನು ಗ್ಯಾರೇಜನ್ನು ದೂರುತ್ತಾನೆ. ಬಿಡಿಭಾಗ ಮಾರಿದವರು ಇಬ್ಬರನ್ನೂ ದೂರುತ್ತಾರೆ. ಈ ವಾಗ್ವಾದ ನಡೆಯುತ್ತಿರುವಷ್ಟು ದಿನವೂ ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ.

ಈ ಸಮಸ್ಯೆಯು ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಇರುವ ವಾಹನಗಳಲ್ಲಿ ಹೆಚ್ಚು ಜಟಿಲವಾಗುತ್ತದೆ. ಹಳೆಯ ಗೇರ್‌ಬಾಕ್ಸಿನಲ್ಲಿ ಹಲ್ಲು ಮುರಿದರೆ ಸದ್ದು ಬರುತ್ತಿತ್ತು, ಕ್ಲಚ್ ಸವೆದರೆ ಚಾಲಕನ ಕಾಲಿಗೆ ತಿಳಿಯುತ್ತಿತ್ತು. ಆಟೋಮ್ಯಾಟಿಕ್‌ನಲ್ಲಾದರೋ ಎಣ್ಣೆ, ವಿದ್ಯುತ್ತು, ಗಣಕ ಮತ್ತು ಲೋಹದ ಭಾಗಗಳು ಒಂದರೊಳಗೊಂದು ಬೆಸೆದುಕೊಂಡಿವೆ. ನಾಲ್ಕರಲ್ಲಿ ಯಾವುದು ತಪ್ಪಿದರೂ ಹೊರಗೆ ಕಾಣುವ ಲಕ್ಷಣ ಬಹುಮಟ್ಟಿಗೆ ಒಂದೇ. ಲಾರಿ ಎಳೆಯುವುದಿಲ್ಲ ಅಥವಾ ಗೇರ್ ಬದಲಾಗುವುದಿಲ್ಲ. ಪ್ರಸ್ತುತ ಲೇಖನದಲ್ಲಿ ಹೇಳಹೊರಟಿರುವುದು ಒಂದೇ ಮಾತು: ದೋಷವನ್ನು ಕ್ರಮಬದ್ಧವಾಗಿ ಹುಡುಕಿ, ಪ್ರತಿ ಹಂತವನ್ನೂ ಬರಹದಲ್ಲಿ ಇಟ್ಟರೆ, ಯಂತ್ರದ ದೋಷವನ್ನು ತೋರಿಸುವ ಕಾಗದವೇ ಖರ್ಚಿನ ಹೊಣೆಯನ್ನೂ ತೋರಿಸುತ್ತದೆ.

ಒಂದೇ ಹೆಸರು, ಎರಡು ಯಂತ್ರಗಳು

ನಮ್ಮಲ್ಲಿ 'ಆಟೋಮ್ಯಾಟಿಕ್' ಎಂಬ ಒಂದೇ ಹೆಸರಿನಿಂದ ಕರೆಯಲ್ಪಡುವ ಯಂತ್ರಗಳು ವಾಸ್ತವವಾಗಿ ಎರಡು ಬಗೆಯವು. ಮೊದಲನೆಯದು ಟಾರ್ಕ್ ಕನ್ವರ್ಟರ್ ಇರುವ ಪೂರ್ಣ ಆಟೋಮ್ಯಾಟಿಕ್. ಇದರಲ್ಲಿ ಇಂಜಿನ್ನಿಗೂ ಗೇರುಗಳಿಗೂ ನಡುವೆ ಎಣ್ಣೆಯೇ ಕೊಂಡಿ. ಇಂಜಿನ್ ತಿರುಗಿಸುವ ಒಂದು ಚಕ್ರವು ಎಣ್ಣೆಯನ್ನು ಎರಚಿ ಎದುರಿನ ಇನ್ನೊಂದು ಚಕ್ರವನ್ನು ತಿರುಗಿಸುತ್ತದೆ. ಜರ್ಮನಿಯ ಹರ್ಮನ್ ಫಾಟಿಂಗರ್ ಎಂಬ ಇಂಜಿನಿಯರು 1905ರಲ್ಲಿ ಪೇಟೆಂಟ್ ಪಡೆದ ತತ್ತ್ವವಿದು. ಗಣಿಗಳ ಭಾರೀ ಡಂಪರ್‌ಗಳು, ಕೆಲವು ಟಿಪ್ಪರ್‌ಗಳು, ನಗರ ಸಾರಿಗೆಯ ಅನೇಕ ಬಸ್ಸುಗಳು ಈ ವರ್ಗಕ್ಕೆ ಸೇರುತ್ತವೆ.

ಎರಡನೆಯದು ಎಎಂಟಿ ಎಂದು ಕರೆಯಲ್ಪಡುವುದು. ಇದು ಮೂಲತಃ ಸಾಮಾನ್ಯ ಗೇರ್‌ಬಾಕ್ಸೇ. ಕ್ಲಚ್ ಒತ್ತುವ ಮತ್ತು ಗೇರ್ ಬದಲಿಸುವ ಕೆಲಸವನ್ನು ಚಾಲಕನ ಬದಲು ಗಣಕವು ಮಾಡಿಸುತ್ತದೆ. ಭಾರೀ ಲಾರಿಗಳಲ್ಲಿ ಈ ಕೆಲಸ ಹೆಚ್ಚಾಗಿ ಗಾಳಿಯ ಒತ್ತಡದಿಂದ ನಡೆಯುತ್ತದೆ. ವೋಲ್ವೋ ಸಂಸ್ಥೆಯು 2001ರಲ್ಲಿ ಹೊರತಂದ ಐ-ಶಿಫ್ಟ್ ಈ ಬಗೆಯದು. ಬೆಂಗಳೂರಿನ ಸಮೀಪದ ಹೊಸಕೋಟೆಯಲ್ಲಿ 1998ರಿಂದ ಲಾರಿ ತಯಾರಿಸುತ್ತಿರುವ ಸಂಸ್ಥೆ ಅದೇ ಆದುದರಿಂದ ನಮ್ಮ ಅನೇಕ ಚಾಲಕರಿಗೂ ಇದರ ಪರಿಚಯವಿದೆ.

ಈ ಭೇದವನ್ನು ಮೊದಲಿಗೇ ತಿಳಿಯುವುದು ಅವಶ್ಯ. ಪೂರ್ಣ ಆಟೋಮ್ಯಾಟಿಕ್ ಗೇರ್ ಹಿಡಿಯದಿದ್ದರೆ ಮೊದಲು ನೋಡಬೇಕಾದುದು ಎಣ್ಣೆಯನ್ನು. ಎಎಂಟಿ ಗೇರ್ ಹಿಡಿಯದಿದ್ದರೆ ಮೊದಲು ನೋಡಬೇಕಾದುದು ಗಾಳಿಯ ಒತ್ತಡವನ್ನು ಮತ್ತು ಕ್ಲಚ್‌ನ ಹೊಂದಾಣಿಕೆಯನ್ನು. ಎಎಂಟಿಯಲ್ಲಿ ಹೊಸ ಕ್ಲಚ್ ಪ್ಲೇಟ್ ಹಾಕಿದ ಮೇಲೆ, ಪ್ಲೇಟು ಎಲ್ಲಿ ಹಿಡಿಯುತ್ತದೆ ಎಂಬುದನ್ನು ಗಣಕಕ್ಕೆ ಹೊಸದಾಗಿ ಕಲಿಸಬೇಕಾಗುತ್ತದೆ. ಹಾಗೆ ಕಲಿಸದೆ ಬಿಟ್ಟ ಲಾರಿಯು ಜಗ್ಗುತ್ತದೆ ಅಥವಾ ಗೇರಿಗೇ ಬೀಳುವುದಿಲ್ಲ. ಅಂತಹ ಲಾರಿಯ ಗೇರ್‌ಬಾಕ್ಸನ್ನು ಇಳಿಸಿ ಬಿಚ್ಚುವುದು ವ್ಯರ್ಥ ಖರ್ಚು.

ಮೊದಲ ಪ್ರಶ್ನೆ: ಕೊನೆಯದಾಗಿ ಕೈ ಹಾಕಿದ್ದು ಎಲ್ಲಿಗೆ?

ಲೆಕ್ಕಪತ್ರದಲ್ಲಿ ತಾಳೆ ತಪ್ಪಿದಾಗ ಲೆಕ್ಕಿಗನು ಇಡೀ ವರ್ಷದ ಪುಸ್ತಕವನ್ನು ಮೊದಲಿನಿಂದ ತಿರುವುವುದಿಲ್ಲ. ಯಾವ ದಿನದವರೆಗೆ ತಾಳೆಯಾಗಿತ್ತು, ಅದಾದ ಮೇಲೆ ಯಾವ ನಮೂದುಗಳಾಗಿವೆ ಎಂದು ನೋಡುತ್ತಾನೆ. ದುರಸ್ತಿಯ ನಂತರದ ದೋಷಕ್ಕೂ ಇದೇ ಕ್ರಮ ಸಲ್ಲುತ್ತದೆ. ದುರಸ್ತಿಗೆ ಮುನ್ನ ಇಲ್ಲದಿದ್ದ ಲಕ್ಷಣವು ದುರಸ್ತಿಯ ನಂತರ ಕಾಣಿಸಿಕೊಂಡಿದ್ದರೆ, ದುರಸ್ತಿಯ ಸಮಯದಲ್ಲಿ ಬಿಚ್ಚಿದ, ಕಳಚಿದ, ಬದಲಿಸಿದ ಪ್ರತಿಯೊಂದು ಭಾಗವನ್ನೂ ಮೊದಲು ಪರಿಶೀಲಿಸಬೇಕು.

ಇಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಗೇರ್‌ಬಾಕ್ಸಿನ ದುರಸ್ತಿಯೇ ಆಗಿರಬೇಕೆಂದಿಲ್ಲ. ಬೇರೆ ಕೆಲಸಗಳಿಂದಲೂ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಕೈಕೊಡಬಹುದು. ರೇಡಿಯೇಟರ್ ಕೆಲಸ ಮಾಡಿದವರು ಎಣ್ಣೆ ತಂಪು ಮಾಡುವ ಕೊಳವೆಗಳನ್ನು ಕಳಚಿರುತ್ತಾರೆ. ಬ್ಯಾಟರಿ ಬದಲಿಸಿದವರು ಅರ್ಥಿಂಗ್ ತಂತಿಯನ್ನು ಸಡಿಲವಾಗಿ ಬಿಟ್ಟಿರಬಹುದು. ಟಿಪ್ಪರ್ ಬಾಡಿಗೆ ವೆಲ್ಡಿಂಗ್ ಮಾಡುವಾಗ ಗಣಕದ ಕನೆಕ್ಟರುಗಳನ್ನು ಕಳಚದೆ ಮಾಡಿದ್ದರೆ ಆ ವಿದ್ಯುತ್ ಹರಿದು ಗೇರ್‌ಬಾಕ್ಸಿನ ನಿಯಂತ್ರಣ ಪೆಟ್ಟಿಗೆಗೆ ಹಾನಿಯಾಗಿರಬಹುದು. ಆದುದರಿಂದ ಹಿಂದಿನ ಒಂದೆರಡು ತಿಂಗಳಲ್ಲಿ ಲಾರಿಯ ಮೇಲೆ ನಡೆದ ಎಲ್ಲ ಕೆಲಸಗಳ ಬಿಲ್ಲುಗಳನ್ನೂ ತಾರೀಖಿನ ಪ್ರಕಾರ ಜೋಡಿಸಿ, ಹೊಸ ಮೆಕ್ಯಾನಿಕ್‌ನ ಮುಂದಿಡುವುದು ಮಾಲೀಕರ ಮೊದಲ ಕೆಲಸ.

ಪರೀಕ್ಷೆಯ ಕ್ರಮ: ಕಡಿಮೆ ಖರ್ಚಿನಿಂದ ಹೆಚ್ಚಿನ ಖರ್ಚಿಗೆ

ಪೂರ್ಣ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಪರೀಕ್ಷೆಯಲ್ಲಿ ಈ ಕೆಳಗಿನ ಕ್ರಮವನ್ನು ಅನುಸರಿಸುವುದು ಒಳ್ಳೆಯದು. ಇದರ ಮೊದಲ ಹಂತಗಳಿಗೆ ಹೆಚ್ಚಿನ ಹಣ ಬೇಕಿಲ್ಲ. ಆದರೆ ಅನೇಕ ಗ್ಯಾರೇಜುಗಳಲ್ಲಿ ಬಿಟ್ಟುಹೋಗುವುದೂ ಇವೇ.

1. ಎಣ್ಣೆಯ ಮಟ್ಟ. ಆಟೋಮ್ಯಾಟಿಕ್ ಗೇರ್‌ಬಾಕ್ಸಿನಲ್ಲಿ ಎಣ್ಣೆಯು ಕೇವಲ ಜಾರಿಕೆಗಾಗಿ ಇರುವುದಲ್ಲ. ಶಕ್ತಿಯನ್ನು ಸಾಗಿಸುವುದೂ, ಕ್ಲಚ್ ಪ್ಲೇಟುಗಳನ್ನು ಒತ್ತಿ ಹಿಡಿಯುವುದೂ, ಶಾಖವನ್ನು ಹೊರಗೆ ಸಾಗಿಸುವುದೂ ಅದೇ ಎಣ್ಣೆ. ಮಟ್ಟ ಕಡಿಮೆಯಾದರೆ ಪಂಪು ಗಾಳಿಯನ್ನು ಎಳೆದುಕೊಂಡು ಒತ್ತಡ ಕುಸಿಯುತ್ತದೆ. ಹೆಚ್ಚಾದರೆ ತಿರುಗುವ ಗೇರುಗಳು ಎಣ್ಣೆಯನ್ನು ಕಡೆದು ನೊರೆ ಬರಿಸುತ್ತವೆ, ನೊರೆಯೆಂದರೂ ಗಾಳಿಯೇ. ಎರಡರ ಫಲವೂ ಒಂದೇ, ಪ್ಲೇಟು ಜಾರುತ್ತದೆ, ಎಣ್ಣೆ ಕಾಯುತ್ತದೆ. ಸಾಮಾನ್ಯವಾಗಿ ಮಟ್ಟವನ್ನು ನೋಡುವುದು ಸಮನೆಲದ ಮೇಲೆ, ಇಂಜಿನ್ ನಿಧಾನವಾಗಿ ಓಡುತ್ತಿರುವಾಗ, ಎಣ್ಣೆಯು ಓಡಾಟದ ಬಿಸಿಗೆ ಬಂದ ಮೇಲೆ. ತಣ್ಣಗಿರುವಾಗ ಕಡ್ಡಿಯ ಬಿಸಿ ಗುರುತಿನವರೆಗೆ ತುಂಬಿಸಿದರೆ ಕಾದ ಮೇಲೆ ಅದು ಹೆಚ್ಚಾಗುತ್ತದೆ. ನಿಖರ ವಿಧಾನವು ಮಾದರಿಯಿಂದ ಮಾದರಿಗೆ ಬೇರೆಯಾದುದರಿಂದ ತಯಾರಕರ ಕೈಪಿಡಿಯನ್ನೇ ಅನುಸರಿಸಬೇಕು.

2. ಎಣ್ಣೆಯ ಗುಣ. ಬಣ್ಣ ಕಪ್ಪಾಗಿ ಸುಟ್ಟ ವಾಸನೆ ಬರುತ್ತಿದ್ದರೆ ಪ್ಲೇಟುಗಳು ಜಾರಿ ಕಾದಿವೆ ಎಂದರ್ಥ. ಗುಲಾಬಿ ಹಾಲಿನಂತೆ ಕದಡಿದ್ದರೆ ರೇಡಿಯೇಟರ್ ನೀರು ಎಣ್ಣೆಗೆ ಸೇರಿದೆ. ಕೂಲೆಂಟ್ ಬೆರೆತ ಎಣ್ಣೆಯು ಪ್ಲೇಟಿಗೆ ಅಂಟಿಸಿದ ಪದರವನ್ನು ಕೀಳುತ್ತದೆ. ತಯಾರಕರು ಹೇಳಿದ ದರ್ಜೆಯ ಎಣ್ಣೆಯನ್ನೇ ಹಾಕಲಾಗಿದೆಯೇ ಎಂಬುದನ್ನು ಬಿಲ್ಲಿನಲ್ಲಿ ನೋಡಬೇಕು. ಬಿಲ್ಲಿನಲ್ಲಿ 'ಆಯಿಲ್' ಎಂದಷ್ಟೇ ಬರೆದಿದ್ದರೆ ದರ್ಜೆಯನ್ನು ಬರೆಸಿಕೊಳ್ಳಬೇಕು.

3. ವಿದ್ಯುತ್ತು ಮತ್ತು ದೋಷಸಂಕೇತ. ಬ್ಯಾಟರಿಯ ವೋಲ್ಟೇಜು, ಅರ್ಥಿಂಗ್, ಕನೆಕ್ಟರಿನ ಪಿನ್ನುಗಳು, ಇವನ್ನು ನೋಡಿದ ಮೇಲೆ ಸ್ಕ್ಯಾನರಿನಿಂದ ದೋಷಸಂಕೇತಗಳನ್ನು ಓದಬೇಕು. ನಿಯಂತ್ರಣ ಗಣಕವು ಅಪಾಯವನ್ನು ಕಂಡಾಗ ಗೇರ್‌ಬಾಕ್ಸನ್ನು ಉಳಿಸಲು ಅದನ್ನು ಒಂದೇ ಗೇರಿನಲ್ಲಿ ಹಿಡಿದು ನಿಲ್ಲಿಸುವುದುಂಟು. ಆದುದರಿಂದ 'ಒಂದೇ ಗೇರಿನಲ್ಲಿ ಓಡುತ್ತಿದೆ' ಎಂದಾಕ್ಷಣ ಒಳಗೆ ಮುರಿದಿದೆ ಎಂದು ತೀರ್ಮಾನಿಸಲಾಗದು. ಬಾಗಿದ ಒಂದು ಪಿನ್ನೂ ಇದಕ್ಕೆ ಸಾಕು. ಸಂಕೇತಗಳನ್ನು ಅಳಿಸುವ ಮೊದಲು ಅವುಗಳ ಮುದ್ರಿತ ಪ್ರತಿ ಅಥವಾ ಛಾಯಾಚಿತ್ರವನ್ನು ತೆಗೆದಿಡಬೇಕು. ಅಳಿಸಿದ ಸಂಕೇತವೆಂದರೆ ಹರಿದುಹಾಕಿದ ವೋಚರ್.

4. ಒತ್ತಡ ಪರೀಕ್ಷೆ. ಗೇರ್‌ಬಾಕ್ಸಿನ ಮೇಲೆ ಇದಕ್ಕೆಂದೇ ಇರುವ ತೂತುಗಳಿಗೆ ಗೇಜ್ ಜೋಡಿಸಿ ಎಣ್ಣೆಯ ಒತ್ತಡವನ್ನು ಅಳೆಯಲಾಗುತ್ತದೆ. ಎಲ್ಲ ಗೇರುಗಳಲ್ಲಿಯೂ ಒತ್ತಡ ಕಡಿಮೆಯಿದ್ದರೆ ಸಂಶಯ ಪಂಪು, ಫಿಲ್ಟರ್ ಅಥವಾ ಒತ್ತಡ ನಿಯಂತ್ರಿಸುವ ಕವಾಟದ ಮೇಲೆ. ಒಂದು ಗೇರಿನಲ್ಲಿ ಮಾತ್ರ ಕಡಿಮೆಯಿದ್ದರೆ ಆ ಗೇರಿನ ಕ್ಲಚ್ಚಿಗೆ ಹೋಗುವ ದಾರಿಯಲ್ಲಿ ಸೋರಿಕೆಯಿದೆ. ಈ ಒಂದು ಪರೀಕ್ಷೆಯಿಂದ ಹುಡುಕಬೇಕಾದ ಜಾಗ ಬಹಳ ಕಿರಿದಾಗುತ್ತದೆ.

5. ಸ್ಟಾಲ್ ಪರೀಕ್ಷೆ. ಚಕ್ರಗಳಿಗೆ ಅಡ್ಡಗಟ್ಟಿ, ಬ್ರೇಕನ್ನು ಪೂರ್ಣವಾಗಿ ಒತ್ತಿ, ಗೇರಿನಲ್ಲಿಟ್ಟು, ಕೆಲವೇ ಸೆಕೆಂಡುಗಳ ಕಾಲ ಇಂಜಿನ್ನಿಗೆ ಪೂರ್ಣ ವೇಗ ಕೊಟ್ಟು ಸುತ್ತುಗಳನ್ನು ಓದುವ ಪರೀಕ್ಷೆಯಿದು. ಸುತ್ತುಗಳು ನಿಗದಿಗಿಂತ ಹೆಚ್ಚಿದ್ದರೆ ಒಳಗಿನ ಕ್ಲಚ್ ಜಾರುತ್ತಿದೆ. ಕಡಿಮೆಯಿದ್ದರೆ ಇಂಜಿನ್ನಿನಲ್ಲೇ ಶಕ್ತಿಯಿಲ್ಲ ಅಥವಾ ಟಾರ್ಕ್ ಕನ್ವರ್ಟರಿನಲ್ಲಿ ದೋಷವಿದೆ. ಎಣ್ಣೆಯು ಕ್ಷಣಾರ್ಧದಲ್ಲಿ ಕಾಯುವುದರಿಂದ ಇದನ್ನು ತರಬೇತಾದವರೇ ಮಾಡಬೇಕು. ತಯಾರಕರು ಬೇಡವೆಂದಿರುವ ಮಾದರಿಗಳಲ್ಲಿ ಮಾಡಲೇಬಾರದು.

6. ಎಣ್ಣೆ ತಟ್ಟೆ ಮತ್ತು ಫಿಲ್ಟರ್. ತಳದ ತಟ್ಟೆಯನ್ನು ಕಳಚಿದಾಗ ತೆಳುವಾದ ಬೂದು ಹೂಳು ಕಂಡರೆ ಅದು ಸಹಜ ಸವಕಳಿ. ಉಕ್ಕಿನ ಚೂರು, ಹಿತ್ತಾಳೆ ಬಣ್ಣದ ತುಣುಕು, ಕಪ್ಪು ನಾರಿನಂತಹ ಪುಡಿ ಕಂಡರೆ ಮಾತ್ರ ಗೇರ್‌ಬಾಕ್ಸನ್ನು ಇಳಿಸಿ ಬಿಚ್ಚುವ ಮಾತು ಬರುತ್ತದೆ.

ಬಿಚ್ಚುವುದು ಕಟ್ಟಕಡೆಯ ಹಂತ. ಕಾರಣ ಕೇವಲ ಖರ್ಚಿನದಲ್ಲ. ಬಿಚ್ಚಿದ ಗೇರ್‌ಬಾಕ್ಸಿನಲ್ಲಿ ಒತ್ತಡವನ್ನು ಅಳೆಯಲಾಗದು, ಎಣ್ಣೆಯ ಮಟ್ಟವನ್ನು ನೋಡಲಾಗದು. ಅಂದರೆ ಸಾಕ್ಷ್ಯವು ಅಲ್ಲಿಗೆ ಮುಗಿಯಿತು.

ರಿಪೇರಿಯೇ ತಂದಿಡುವ ದೋಷಗಳು

ದುರಸ್ತಿಯ ಕೆಲಸದಿಂದಲೇ ಹುಟ್ಟುವ ಕೆಲವು ದೋಷಗಳು ಪದೇ ಪದೇ ಕಾಣಿಸುತ್ತವೆ.

ಮೊದಲನೆಯದು ಟಾರ್ಕ್ ಕನ್ವರ್ಟರನ್ನು ಪೂರ್ಣವಾಗಿ ಕೂರಿಸದಿರುವುದು. ಕನ್ವರ್ಟರಿನ ಕತ್ತು ಒಳಗಿನ ಎಣ್ಣೆ ಪಂಪಿನ ಗಾಡಿಗೆ ಸರಿಯಾಗಿ ಸೇರಬೇಕು. ಸೇರಿದಾಗ ಗೇರ್‌ಬಾಕ್ಸು ಇಂಜಿನ್ನಿಗೆ ಕೈಯಿಂದಲೇ ಕೂಡಿಕೊಳ್ಳುತ್ತದೆ. ಆಗಲೂ ಕನ್ವರ್ಟರು ಸಡಿಲವಾಗಿ ತಿರುಗುತ್ತಿರುತ್ತದೆ. ಸೇರದಿರುವಾಗ ಉಳಿದ ಸಂದನ್ನು ಬೋಲ್ಟು ಬಿಗಿದು ಮುಚ್ಚಲು ಹೋದರೆ ಪಂಪು ಒಡೆಯುತ್ತದೆ. ಇಂತಹ ಲಾರಿಯು ಮೊದಲ ಸ್ಟಾರ್ಟಿನಲ್ಲಿಯೇ ಎಳೆಯುವುದಿಲ್ಲ ಅಥವಾ ಕರ್ಕಶ ಸದ್ದು ಮಾಡುತ್ತದೆ. ಗ್ಯಾರೇಜಿನಿಂದ ಹೊರಗೇ ಬಾರದ ಲಾರಿಗೆ ಚಾಲಕನನ್ನು ಹೊಣೆ ಮಾಡುವುದು ಸಾಧ್ಯವಿಲ್ಲ.

ಎರಡನೆಯದು ಎಣ್ಣೆ ತಂಪು ಮಾಡುವ ಕೂಲರ್ ಮತ್ತು ಅದರ ಕೊಳವೆಗಳನ್ನು ಶುಚಿ ಮಾಡದೆ ಬಿಡುವುದು. ಹಳೆಯ ಗೇರ್‌ಬಾಕ್ಸು ಸುಟ್ಟಾಗ ಪ್ಲೇಟಿನ ಪುಡಿಯು ಎಣ್ಣೆಯೊಡನೆ ಹರಿದು ಕೂಲರಿನಲ್ಲಿ ಸಿಕ್ಕಿಕೊಂಡಿರುತ್ತದೆ. ಹೊಸ ಪ್ಲೇಟು ಹಾಕಿ ಹಳೆಯ ಕೂಲರನ್ನು ಹಾಗೆಯೇ ಜೋಡಿಸಿದರೆ ಆ ಹೊಲಸು ಹೊಸ ಭಾಗಗಳಿಗೆ ಮರಳುತ್ತದೆ ಅಥವಾ ದಾರಿ ಕಟ್ಟಿ ಎಣ್ಣೆ ಕಾಯುತ್ತದೆ. ಲಾರಿಯು ಮೊದಲ ಕೆಲವು ದಿನ ಚೆನ್ನಾಗಿ ಓಡಿ, ಭಾರ ಹೊತ್ತು ಏರು ಹತ್ತುವಾಗ ಉಷ್ಣತೆಯ ದೀಪ ಹತ್ತಿದರೆ ಇದನ್ನು ಮೊದಲು ಶಂಕಿಸಬೇಕು.

ಮೂರನೆಯದು ಫಿಲ್ಟರಿನ ಸೀಲು. ಹಳೆಯ ಸೀಲು ಒಳಗೇ ಉಳಿದು ಮೇಲೊಂದು ಹೊಸದನ್ನು ಕೂರಿಸಿದರೂ, ಸೀಲನ್ನೇ ಮರೆತರೂ ಪಂಪು ಗಾಳಿಯನ್ನು ಎಳೆಯುತ್ತದೆ. ಕೆಲವೇ ರೂಪಾಯಿಯ ಈ ರಬ್ಬರ್ ಬಳೆಯು ಇಡೀ ಗೇರ್‌ಬಾಕ್ಸನ್ನು ಬಲಿ ತೆಗೆದುಕೊಳ್ಳಬಲ್ಲದು.

ನಾಲ್ಕನೆಯದು ಗಣಕದ ಹಳೆಯ ನೆನಪು. ಸವೆದ ಪ್ಲೇಟುಗಳಿಗೆ ತಕ್ಕಂತೆ ಗಣಕವು ಒತ್ತಡವನ್ನು ಹೊಂದಿಸಿಕೊಂಡಿರುತ್ತದೆ. ಹೊಸ ಪ್ಲೇಟು ಹಾಕಿದ ಮೇಲೆ ಆ ನೆನಪನ್ನು ಅಳಿಸಿ ಹೊಸದಾಗಿ ಕಲಿಯಲು ಬಿಡಬೇಕು. ಬಿಡದಿದ್ದರೆ ಗೇರ್ ಬದಲಾವಣೆ ಒರಟಾಗುತ್ತದೆ. ಅಳಿಸಿದ ಮೇಲೆಯೂ ಮೊದಲ ಕೆಲವು ಓಡಾಟಗಳಲ್ಲಿ ಸ್ವಲ್ಪ ಜಗ್ಗುವುದು ಸಹಜ. ಅದನ್ನೇ ದೋಷವೆಂದು ಭಾವಿಸಿ ಪುನಃ ಬಿಚ್ಚಿಸಬಾರದು.

ಮಾಲೀಕರ ಕಡೆಯಿಂದ ಆಗುವ ಹಾನಿಯೂ ಒಂದಿದೆ. ನಿಂತ ಆಟೋಮ್ಯಾಟಿಕ್ ಲಾರಿಯನ್ನು ಹಿಂದಿನ ಚಕ್ರ ನೆಲದ ಮೇಲಿರುವಂತೆ, ಪ್ರೊಪೆಲ್ಲರ್ ಶಾಫ್ಟ್ ಕಳಚದೆ ಎಳೆದೊಯ್ಯಬಾರದು. ಇಂಜಿನ್ ನಿಂತಿರುವಾಗ ಎಣ್ಣೆ ಪಂಪೂ ನಿಂತಿರುತ್ತದೆ. ಒಳಗಿನ ಭಾಗಗಳು ಎಣ್ಣೆಯಿಲ್ಲದೆ ತಿರುಗಿ ಸುಡುತ್ತವೆ. ಹಾಗೆ ಎಳೆದು ತಂದ ಲಾರಿಯಲ್ಲಿ ಗ್ಯಾರೇಜಿನ ತಪ್ಪು ಯಾವುದು, ಎಳೆದವರ ತಪ್ಪು ಯಾವುದು ಎಂದು ಬೇರ್ಪಡಿಸುವುದು ಯಾರಿಗೂ ಸಾಧ್ಯವಾಗದು.

ಒಂದು ಪ್ರಕರಣ

ಕೆಲವು ವರ್ಷಗಳ ಹಿಂದೆ ಜಲ್ಲಿ ಕ್ರಷರ್ ನಡೆಸುವ ನನ್ನ ಕಕ್ಷಿದಾರರೊಬ್ಬರ ಟಿಪ್ಪರಿನ ಕಾಗದಪತ್ರಗಳು ನನ್ನ ಮುಂದೆ ಬಂದವು. ಜಾರುತ್ತಿದ್ದ ಗೇರ್‌ಬಾಕ್ಸನ್ನು ಒಂದು ಖಾಸಗಿ ಗ್ಯಾರೇಜಿನಲ್ಲಿ ಪೂರ್ಣವಾಗಿ ಬಿಚ್ಚಿ ಹೊಸ ಪ್ಲೇಟುಗಳನ್ನು ಹಾಕಿಸಲಾಗಿತ್ತು. ಐದನೆಯ ದಿನ ಉಷ್ಣತೆಯ ದೀಪ ಹತ್ತಿತು. ಏಳನೆಯ ದಿನ ಟಿಪ್ಪರು ಒಂದೇ ಗೇರಿಗೆ ಸಿಕ್ಕಿ ನಿಂತಿತು. ಮಿತಿಮೀರಿದ ಹೇರು ಎಂದು ಗ್ಯಾರೇಜಿನವರೂ, ಹಳೆಯ ಪ್ಲೇಟನ್ನೇ ಮತ್ತೆ ಹಾಕಿದ್ದಾರೆ ಎಂದು ಮಾಲೀಕರೂ ವಾದಿಸಿದರು. ಬಾಕಿ ಹಣವನ್ನು ಮಾಲೀಕರು ತಡೆಹಿಡಿದರು.

ಇಬ್ಬರಿಗೂ ಸಂಬಂಧವಿಲ್ಲದ ಮೂರನೆಯ ಮೆಕ್ಯಾನಿಕ್ ಒಬ್ಬರನ್ನು ಇಬ್ಬರ ಎದುರಿನಲ್ಲಿಯೇ ಪರೀಕ್ಷೆಗೆ ಕರೆಸಲಾಯಿತು. ಎಣ್ಣೆಯ ಮಟ್ಟ ಸರಿಯಿತ್ತು, ಪಂಪಿನ ಒತ್ತಡವೂ ಸರಿಯಿತ್ತು. ಕೂಲರಿನಿಂದ ಹಿಂತಿರುಗುವ ಕೊಳವೆಯನ್ನು ಕಳಚಿ ನೋಡಿದಾಗ ಎಣ್ಣೆ ಧಾರೆಯಾಗಿ ಬರುವ ಬದಲು ತೊಟ್ಟಿಕ್ಕುತ್ತಿತ್ತು. ಹಳೆಯ ಪ್ಲೇಟಿನ ಪುಡಿಯು ಕೂಲರನ್ನು ಕಟ್ಟಿಹಾಕಿತ್ತು. ಗೇರ್‌ಬಾಕ್ಸಿನ ಕೆಲಸ ಸರಿಯಾಗಿಯೇ ಆಗಿತ್ತು; ಎಣ್ಣೆ ತಂಪಾಗಲು ದಾರಿಯಿರಲಿಲ್ಲ. ಹೇರಿನ ವಾದ, ಹಳೆಯ ಪ್ಲೇಟಿನ ವಾದ ಎರಡೂ ಅಲ್ಲಿಗೆ ಬಿದ್ದುಹೋದವು.

ಆದರೆ ಹೊಣೆಯ ಪ್ರಶ್ನೆ ಉಳಿಯಿತು. ಮೊದಲ ಅಂದಾಜು ಪಟ್ಟಿಯಲ್ಲಿ 'ಕೂಲರ್ ಬದಲಾವಣೆ' ಎಂಬ ಒಂದು ಸಾಲಿತ್ತು. ಅದರ ಮೇಲೆ ಪೆನ್ನಿನಿಂದ ಗೆರೆ ಎಳೆಯಲಾಗಿತ್ತು. ಖರ್ಚು ಕಡಿಮೆ ಮಾಡಲು ಮಾಲೀಕರೇ ಹೊಡೆಸಿದರು ಎಂದು ಗ್ಯಾರೇಜಿನವರು ಹೇಳಿದರು. ಕೂಲರ್ ಚೆನ್ನಾಗಿದೆ, ಬೇಡ ಎಂದು ಅವರೇ ಹೊಡೆದರು ಎಂದು ಮಾಲೀಕರು ಹೇಳಿದರು. ಗೆರೆಯ ಪಕ್ಕದಲ್ಲಿ ಯಾರ ಸಹಿಯೂ ಇರಲಿಲ್ಲ, ತಾರೀಖೂ ಇರಲಿಲ್ಲ. ಕೊನೆಗೆ ಎರಡನೆಯ ದುರಸ್ತಿಯ ವೆಚ್ಚವನ್ನು ಅರ್ಧರ್ಧ ಹಂಚಿಕೊಂಡು ವ್ಯಾಜ್ಯ ಮುಗಿಯಿತು. ಟಿಪ್ಪರು ನಿಂತ ದಿನಗಳ ನಷ್ಟ ಪೂರ್ತಿಯಾಗಿ ಮಾಲೀಕರ ಪಾಲಿಗೇ ಉಳಿಯಿತು. ಒಂದು ಸಹಿಯಿದ್ದಿದ್ದರೆ ಇಬ್ಬರಲ್ಲಿ ಒಬ್ಬರಿಗೆ ಪೂರ್ಣ ನ್ಯಾಯ ದೊರೆಯುತ್ತಿತ್ತು.

ಕಾನೂನಿನ ದೃಷ್ಟಿ

ಗ್ಯಾರೇಜಿಗೆ ಲಾರಿಯನ್ನು ಒಪ್ಪಿಸುವುದು 1872ರ ಭಾರತೀಯ ಕರಾರು ಕಾಯ್ದೆಯ ಪ್ರಕಾರ ಒಂದು 'ಬೈಲ್‌ಮೆಂಟ್', ಅಂದರೆ ನಿರ್ದಿಷ್ಟ ಉದ್ದೇಶಕ್ಕಾಗಿ ವಸ್ತುವನ್ನು ಇನ್ನೊಬ್ಬರ ವಶಕ್ಕೆ ಕೊಡುವುದು. ಸಾಮಾನ್ಯ ವಿವೇಕವುಳ್ಳ ಮನುಷ್ಯನು ತನ್ನ ಸ್ವಂತ ವಸ್ತುವನ್ನು ನೋಡಿಕೊಳ್ಳುವಷ್ಟು ಎಚ್ಚರದಿಂದ ಗ್ಯಾರೇಜಿನವರು ಅದನ್ನು ನೋಡಿಕೊಳ್ಳಬೇಕೆಂದು 151ನೆಯ ಕಲಮು ಹೇಳುತ್ತದೆ. ಕೆಲಸದ ಕೂಲಿ ಸಂದಾಯವಾಗುವವರೆಗೆ ಆ ವಸ್ತುವನ್ನು ತಡೆದಿಟ್ಟುಕೊಳ್ಳುವ ಹಕ್ಕನ್ನು 170ನೆಯ ಕಲಮು ಅವರಿಗೆ ನೀಡುತ್ತದೆ. ಬೇರೆ ಒಪ್ಪಂದವಿಲ್ಲದಿದ್ದರೆ ಈ ಹಕ್ಕು ಆ ಲಾರಿಯ ಮೇಲೆ ಮಾಡಿದ ಆ ಕೆಲಸದ ಹಣಕ್ಕೆ ಮಾತ್ರ. ಮಾಲೀಕರ ಇನ್ನೊಂದು ಲಾರಿಯ ಹಳೆಯ ಬಾಕಿಗಾಗಿ ಇದನ್ನು ಹಿಡಿದಿಡಲಾಗದು.

ಲಾರಿ ನಿಂತ ದಿನಗಳ ನಷ್ಟ ಸಿಗುತ್ತದೆಯೇ? 73ನೆಯ ಕಲಮಿನಂತೆ, ಕರಾರು ಮುರಿದಾಗ ಸಹಜವಾಗಿ ಉಂಟಾಗುವ ನಷ್ಟ ಅಥವಾ ಕರಾರಿನ ಸಮಯದಲ್ಲಿ ಇಬ್ಬರಿಗೂ ತಿಳಿದಿದ್ದ ನಷ್ಟ ಮಾತ್ರ ಸಿಗುತ್ತದೆ. ಈ ತತ್ತ್ವದ ಹಿಂದೆ ಇಂಗ್ಲೆಂಡಿನ 1854ರ ಹ್ಯಾಡ್ಲಿ ಮತ್ತು ಬ್ಯಾಕ್ಸೆಂಡೇಲ್ ಪ್ರಕರಣವಿದೆ. ಅದೂ ಒಂದು ರಿಪೇರಿಯ ಪ್ರಕರಣವೇ. ಗ್ಲಾಸ್ಟರ್ ಪಟ್ಟಣದ ಹಿಟ್ಟಿನ ಗಿರಣಿಯ ಇಂಜಿನ್ ಶಾಫ್ಟ್ ಮುರಿದು, ಹೊಸದಕ್ಕೆ ಮಾದರಿಯಾಗಿ ಅದನ್ನು ಗ್ರೀನಿಚ್‌ಗೆ ಕಳುಹಿಸಲಾಗಿತ್ತು. ಸಾಗಣೆದಾರರು ತಡ ಮಾಡಿದರು, ಗಿರಣಿ ನಿಂತಿತು. ಆದರೆ ಆ ಶಾಫ್ಟ್ ಇಲ್ಲದೆ ಗಿರಣಿಯೇ ನಿಲ್ಲುತ್ತದೆಂಬ ವಿಶೇಷ ಸಂಗತಿಯು ಸಾಗಣೆದಾರರಿಗೆ ತಿಳಿದಿರಲಿಲ್ಲವೆಂಬ ಕಾರಣದಿಂದ ಲಾಭನಷ್ಟದ ಪರಿಹಾರವನ್ನು ನ್ಯಾಯಾಲಯ ಒಪ್ಪಲಿಲ್ಲ. ನಮ್ಮ ವರ್ತಕರು ಇದರಿಂದ ಕಲಿಯಬೇಕಾದುದಿಷ್ಟು: ಲಾರಿಯನ್ನು ಗ್ಯಾರೇಜಿಗೆ ಬಿಡುವಾಗಲೇ 'ಈ ಲಾರಿಯು ಇಂತಹ ಗುತ್ತಿಗೆಯ ಮೇಲಿದೆ, ಇಂತಹ ದಿನದೊಳಗೆ ಬೇಕು, ತಡವಾದರೆ ದಿನಕ್ಕೆ ಇಷ್ಟು ನಷ್ಟ' ಎಂದು ಬರಹದಲ್ಲಿ ತಿಳಿಸಬೇಕು.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ವಾಣಿಜ್ಯ ಉದ್ದೇಶದ ಸೇವೆಯನ್ನು ಹೊರಗಿಡುತ್ತದೆ. ಆದರೆ ಸ್ವಯಂ ಉದ್ಯೋಗದಿಂದ ಜೀವನೋಪಾಯ ನಡೆಸುವವರಿಗೆ ರಿಯಾಯಿತಿಯಿದೆ. ಲಾರಿಯನ್ನು ತಾನೇ ಓಡಿಸಿ ಬದುಕುವವನು ಗ್ರಾಹಕನೇ ಎಂಬ ಉದಾಹರಣೆಯನ್ನು ಸರ್ವೋಚ್ಚ ನ್ಯಾಯಾಲಯವು 1995ರ ಲಕ್ಷ್ಮಿ ಇಂಜಿನಿಯರಿಂಗ್ ವರ್ಕ್ಸ್ ಪ್ರಕರಣದಲ್ಲಿ ಕೊಟ್ಟಿದೆ. ಹತ್ತಾರು ಲಾರಿ ಓಡಿಸುವ ಸಂಸ್ಥೆಗೆ ಈ ದಾರಿ ಕಷ್ಟ. ದೂರು ಕೊಡಲು ಅವಧಿ 2 ವರ್ಷ.

ಬಿಲ್ಲನ್ನು ತಡೆಹಿಡಿಯುವವರು ಇನ್ನೊಂದನ್ನು ಗಮನಿಸಬೇಕು. ಗ್ಯಾರೇಜು ಅತಿಸಣ್ಣ ಅಥವಾ ಸಣ್ಣ ಉದ್ಯಮವಾಗಿ ನೋಂದಣಿಯಾಗಿದ್ದರೆ 2006ರ ಕಾಯ್ದೆಯ ಪ್ರಕಾರ, ಲಿಖಿತ ಒಪ್ಪಂದವಿದ್ದರೂ ಹಣ ಪಾವತಿಗೆ 45 ದಿನಗಳ ಗರಿಷ್ಠ ಮಿತಿಯಿದೆ. ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಕೆಲಸದ ಬಗ್ಗೆ ತಕರಾರಿದ್ದರೆ ಲಾರಿಯನ್ನು ಪಡೆದ 15 ದಿನದೊಳಗೆ ಲಿಖಿತವಾಗಿ ಆಕ್ಷೇಪಿಸಬೇಕು. ದೂರವಾಣಿಯಲ್ಲಿ ಜಗಳವಾಡಿದ್ದು ಆಕ್ಷೇಪಣೆಯಾಗುವುದಿಲ್ಲ.

ವಿಮೆಯನ್ನು ನಂಬಿ ಕೂರುವಂತಿಲ್ಲ. ಯಾಂತ್ರಿಕ ಮತ್ತು ವಿದ್ಯುತ್ ಕೆಡುಕು, ಸವಕಳಿ ಇವು ಸಾಮಾನ್ಯ ಮೋಟಾರು ವಿಮೆಯಿಂದ ಹೊರಗಿವೆ. ಕಲ್ಲು ಬಡಿದು ಎಣ್ಣೆ ತಟ್ಟೆ ಒಡೆದದ್ದು ಅಪಘಾತ. ಆದರೆ ಎಣ್ಣೆ ಸುರಿಯುತ್ತಿದ್ದರೂ ಓಡಿಸಿ ಗೇರ್‌ಬಾಕ್ಸ್ ಸುಟ್ಟುಕೊಂಡರೆ ಆ ಹೆಚ್ಚಿನ ಹಾನಿ ಮಾಲೀಕರದೇ.

ನಷ್ಟ ಮತ್ತು ತೆರಿಗೆಯ ಲೆಕ್ಕ

ಪರಿಹಾರ ಕೇಳುವಾಗ ಅನೇಕರು ಇಡೀ ಬಾಡಿಗೆಯನ್ನೇ ನಷ್ಟವೆಂದು ಬರೆಯುತ್ತಾರೆ. ಇದು ನಿಲ್ಲುವುದಿಲ್ಲ. ಉದಾಹರಣೆಗೆ ದಿನಕ್ಕೆ 12,000 ರೂಪಾಯಿ ಬಾಡಿಗೆ ಬರುವ ಲಾರಿಯಲ್ಲಿ ಡೀಸೆಲ್, ಬತ್ತ, ಟೋಲ್, ಟಯರ್ ಸವಕಳಿ ಸೇರಿ 8,000 ರೂಪಾಯಿ ಆಗುತ್ತದೆಂದು ಭಾವಿಸೋಣ. ಲಾರಿ ನಿಂತಾಗ ಈ 8,000 ಉಳಿಯುತ್ತದೆ. ಆದುದರಿಂದ ದಿನದ ನಷ್ಟ 4,000. 15 ದಿನಕ್ಕೆ 60,000. ಸಾಲದ ಕಂತನ್ನು ಇದರ ಮೇಲೆ ಮತ್ತೆ ಸೇರಿಸಿದರೆ ಎರಡು ಸಲ ಎಣಿಸಿದಂತಾಗುತ್ತದೆ. ಬದಲಿ ಲಾರಿಯನ್ನು ಬಾಡಿಗೆಗೆ ಪಡೆದು ನಷ್ಟವನ್ನು ತಗ್ಗಿಸಲು ಅವಕಾಶವಿತ್ತೇ ಎಂಬುದನ್ನೂ ನ್ಯಾಯಾಲಯ ನೋಡುತ್ತದೆ. ಹಿಂದಿನ ಮೂರು ತಿಂಗಳ ಟ್ರಿಪ್ ಷೀಟುಗಳೇ ಇದಕ್ಕೆ ಆಧಾರ.

ಸರಕು ಸಾಗಿಸುವ ವಾಹನದ ದುರಸ್ತಿ ಬಿಲ್ಲಿನ ಜಿಎಸ್‌ಟಿಗೆ ಹೂಡುವಳಿ ತೆರಿಗೆ ಜಮೆ ಪಡೆಯಲು ಸಾಮಾನ್ಯವಾಗಿ ಅಡ್ಡಿಯಿಲ್ಲ; ಜಮೆಯಿಲ್ಲದ ರಿಯಾಯಿತಿ ದರವನ್ನು ಆರಿಸಿಕೊಂಡ ಸಾಗಣೆದಾರರಿಗೆ ಮಾತ್ರ ಇದು ಅನ್ವಯಿಸದು. ಗ್ಯಾರೇಜಿನವರು ಬಿಲ್ಲನ್ನೇ ಕಡಿಮೆ ಮಾಡಲು ಒಪ್ಪಿದರೆ ಅವರಿಂದ ಕ್ರೆಡಿಟ್ ನೋಟ್ ಪಡೆದು, ಅದಕ್ಕೆ ತಕ್ಕಷ್ಟು ಜಮೆಯನ್ನು ಹಿಂತಿರುಗಿಸಬೇಕು. ದುರಸ್ತಿಯ ವೆಚ್ಚವು ಇರುವ ಆಸ್ತಿಯನ್ನು ಕಾಪಾಡುವುದಕ್ಕಾಗಿ ಆದುದಾದರೆ ಆದಾಯ ತೆರಿಗೆಯಲ್ಲಿ ಚಾಲ್ತಿ ದುರಸ್ತಿಯೆಂದು ಕಳೆಯಬಹುದು. 2007ರ ಸರವಣ ಸ್ಪಿನ್ನಿಂಗ್ ಮಿಲ್ಸ್ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದ ಅಳತೆಗೋಲು ಇದೇ. ಲಾರಿಗೆ ಇಷ್ಟೆಂದು ಅಂದಾಜು ಆದಾಯ ತೋರಿಸುವವರಿಗೆ ಪ್ರತ್ಯೇಕ ಕಳೆಯುವಿಕೆಯಿಲ್ಲ. ಹಾಗಿದ್ದರೂ ಬಿಲ್ಲುಗಳನ್ನು ಎಸೆಯಬಾರದು. ವ್ಯಾಜ್ಯಕ್ಕೆ ಅವು ಬೇಕು.

ವರ್ತಕ ಬಾಂಧವರು ಪಾಲಿಸಬೇಕಾದ ಅಂಶಗಳು

ಲಾರಿಯನ್ನು ಬಿಡುವಾಗ: ಲಕ್ಷಣವನ್ನು ಚಾಲಕನ ಮಾತಿನಲ್ಲಿಯೇ ಜಾಬ್ ಕಾರ್ಡಿನಲ್ಲಿ ಬರೆಸಿರಿ. ಕಿಲೋಮೀಟರ್ ಓದು, ದೋಷಸಂಕೇತಗಳು, ಎಣ್ಣೆಯ ಸ್ಥಿತಿ ಅದರಲ್ಲಿರಲಿ. ಅಂದಾಜು ಪಟ್ಟಿಯಿಂದ ಯಾವುದೇ ಸಾಲನ್ನು ಕೈಬಿಟ್ಟರೆ ಯಾರು, ಏಕೆ ಎಂದು ಬರೆದು ಇಬ್ಬರೂ ಸಹಿ ಮಾಡಿರಿ.

ಲಾರಿಯನ್ನು ಪಡೆಯುವಾಗ: ಬದಲಿಸಿದ ಹಳೆಯ ಭಾಗಗಳನ್ನು ಕೇಳಿ ಪಡೆಯಿರಿ. ಎಣ್ಣೆಯ ದರ್ಜೆ, ಪ್ರಮಾಣ, ಕೂಲರ್ ಶುಚಿ ಮಾಡಿದ ಉಲ್ಲೇಖ, ವಾರಂಟಿಯ ಅವಧಿ ಬಿಲ್ಲಿನಲ್ಲಿರಲಿ. ಖಾಲಿ ಲಾರಿಯನ್ನಷ್ಟೇ ಅಲ್ಲ, ಹೇರು ಹೊತ್ತ ಲಾರಿಯನ್ನೂ ಓಡಿಸಿ ನೋಡಿರಿ. ಅನೇಕ ದೋಷಗಳು ಎಣ್ಣೆ ಕಾದ ಮೇಲೆಯೇ ಹೊರಬೀಳುತ್ತವೆ.

ಮತ್ತೆ ಕೆಟ್ಟಾಗ: ದೀಪ ಹತ್ತಿದ ಸ್ಥಳದಲ್ಲಿಯೇ ಸುರಕ್ಷಿತವಾಗಿ ನಿಲ್ಲಿಸಿರಿ. ಮೊದಲ ಗ್ಯಾರೇಜಿಗೆ ಲಿಖಿತವಾಗಿ ತಿಳಿಸಿ, ಬಂದು ನೋಡಲು ಅವಕಾಶ ಕೊಡಿರಿ. ಅವರಿಗೆ ತಿಳಿಸದೆ ಬೇರೆಡೆ ಬಿಚ್ಚಿಸಿದರೆ ನಿಮ್ಮ ಹಕ್ಕನ್ನು ನೀವೇ ದುರ್ಬಲಗೊಳಿಸಿಕೊಂಡಂತೆ. ಅವರು ಬಾರದಿದ್ದರೆ ಸಂಬಂಧವಿಲ್ಲದ ಮೂರನೆಯವರಿಂದ ಮೇಲೆ ಹೇಳಿದ ಕ್ರಮದಲ್ಲಿ ಪರೀಕ್ಷೆ ಮಾಡಿಸಿ, ಅಳತೆಗಳ ಸಹಿತ ವರದಿ ಪಡೆಯಿರಿ.

ಒಳ್ಳೆಯ ಗ್ಯಾರೇಜಿನವರು ಇಂತಹ ಬರಹಗಳಿಗೆ ಹಿಂಜರಿಯುವುದಿಲ್ಲ. ಅವು ಅವರ ಕೆಲಸಕ್ಕೂ ರಕ್ಷಣೆಯೇ. ನಮ್ಮ ಸದಸ್ಯರಲ್ಲಿ ಲಾರಿ ಮಾಲೀಕರೂ ಇದ್ದಾರೆ, ಗ್ಯಾರೇಜು ನಡೆಸುವವರೂ ಇದ್ದಾರೆ, ಬಿಡಿಭಾಗ ಮಾರುವವರೂ ಇದ್ದಾರೆ. ಒಂದು ಸಮಾನ ನಮೂನೆಯ ಜಾಬ್ ಕಾರ್ಡನ್ನು ಮೂವರೂ ಕೂಡಿ ರೂಪಿಸಿಕೊಂಡರೆ, ಎಷ್ಟೋ ವ್ಯಾಜ್ಯಗಳು ವಕೀಲರ ಕಚೇರಿಯವರೆಗೆ ಹೋಗದೆ ಗ್ಯಾರೇಜಿನ ಮೇಜಿನ ಮೇಲೆಯೇ ಮುಗಿಯುತ್ತವೆ.